ವಾಕರ್ ತುಳಿದ ಬಟ್ಟೆ

ಎಲ್ಲರಿಗೂ ನಮಸ್ಕಾರ. ಜಾನಿ ವಾಕರ್ ವಿಸ್ಕಿ ಬಾಟಲಿ ನೋಡೇ ಇಲ್ಲ ಅಂತ ಯಾರೂ ಹೇಳಬೇಡಿ, ನಾನು ನಂಬುವುದಿಲ್ಲ. ಅದರ ಮೇಲೆ ಟೋಪಿ ಹಾಕಿಕೊಂಡು ಬೀಸುಗಾಲಲ್ಲಿ ನಡೆಯುವ ಒಬ್ಬ ಮನುಷ್ಯ ಇದ್ದಾನೆ. ಟಾಮ್ ಬ್ರೌನ್ ಅನ್ನುವ ಕಲಾವಿದ 1908ರಲ್ಲಿ ಬರೆದ ಚಿತ್ರ ಅದು. ವಾಕರ್ ಅಂದರೆ ನಡೆಯುವವನು, ಸರಿಯಾಗೇ ಇದೆ ಅನಿಸುತ್ತದೆ, ಅಲ್ವಾ?

ಆದರೆ ಸ್ವಲ್ಪ ಯೋಚನೆ ಮಾಡಿ. ಸ್ಮಿತ್ ಕಮ್ಮಾರ, ಟೇಲರ್ ದರ್ಜಿ. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಪತ್ತಾರ ಇದ್ದ ಹಾಗೆ ಇವೂ ಕಸುಬಿನ ಹೆಸರುಗಳು. ಸುಮ್ನೆ ನಡೆಯುವುದಕ್ಕೆ ಕೂಲಿ ಕೊಡುವವರು ಯಾರು?

ವಾಕರ್ ನಡೆಯುತ್ತಿದ್ದದ್ದು ತೊಟ್ಟಿಯೊಳಗೆ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯಲ್ಲಿ ಜಿಡ್ಡು ಇರುತ್ತದೆ, ನೇಯ್ಗೆಯೂ ಸಡಿಲ. ಅದನ್ನು ನೀರಲ್ಲಿ ನೆನೆಸಿ, ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣು ಹಾಕಿ ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯಬೇಕು. ಮಣ್ಣಿನ ಜೊತೆ ಇನ್ನೊಂದನ್ನೂ ಹಾಕುತ್ತಿದ್ದರು: ಹಳಸಿದ ಉಚ್ಚೆ. ಮೂಗು ಮುಚ್ಚಿಕೊಳ್ಳಬೇಡಿ, ಅದರ ಅಮೋನಿಯಾ ಜಿಡ್ಡು ಬಿಡಿಸುತ್ತದೆ. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸದವನು 'ವೆಯಲ್ಕೆರೆ'. ಉರುಳಿಸು, ಹೊರಳಿಸು ಅನ್ನುವ ಮಾತಿನಿಂದ ಬಂದ ಹೆಸರು. ಅದೇ ಸವೆದು ವಾಕರ್ ಆಯಿತು.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಕಥೆ. 1185ರಲ್ಲೇ ಟೆಂಪ್ಲರ್ ಸನ್ಯಾಸಿ ಯೋಧರ ಲೆಕ್ಕಪತ್ರದಲ್ಲಿ ಈ ಕೆಲಸದ ನೀರಿನ ಗಿರಣಿಗಳು ಕಾಣಿಸಿಕೊಳ್ಳುತ್ತವೆ. ನೀರಿನ ಬಲದಿಂದ ಏಳುವ ಮರದ ಕೊಡತಿಗಳು ಬಟ್ಟೆ ಕುಟ್ಟುತ್ತಿದ್ದವು. ಗಿರಣಿ ಸಾಹುಕಾರರದು, ಕಾಲು ಬಡವರದು. ಲಂಡನ್ನಿಗೆ ಹತ್ತಿರದ ಸೇಂಟ್ ಆಲ್ಬನ್ಸ್‌ನಲ್ಲಿ ಮಠಾಧಿಪತಿ ತನ್ನ ಗಿರಣಿಗೇ ಬಟ್ಟೆ ತರಬೇಕೆಂದು ಹಟ ಹಿಡಿದ. ಜನ ಮನೆಯಲ್ಲೇ ತುಳಿಯುತ್ತೇವೆ ಅಂದರು. 1274ರ ಹೊತ್ತಿಗೆ ಜಗಳ ರಾಜನ ನ್ಯಾಯಾಲಯಕ್ಕೆ ಹೋಯಿತು. ಗೆದ್ದದ್ದು ಮಠ.

ಇಂಗ್ಲೆಂಡಿನಲ್ಲಿ ಅಪ್ಪನ ಅಡ್ಡಹೆಸರು ಮಗನಿಗೂ ಅಂಟಿಕೊಳ್ಳುವ ರೂಢಿ ಬಲವಾದದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ, 13 ಮತ್ತು 14ನೇ ಶತಮಾನಗಳಲ್ಲಿ. ಕಾಲಿನ ಕೆಲಸ ಕೊಡತಿಯ ಪಾಲಾಗುತ್ತಿತ್ತು, ಕಾಲಿನ ಹೆಸರು ಮಾತ್ರ ಗಟ್ಟಿಯಾಗುತ್ತಿತ್ತು.

ಇದೇ ಕಸುಬಿಗೆ ಇನ್ನೂ ಎರಡು ಹೆಸರುಗಳಿವೆ. ಆಗ್ನೇಯ ಇಂಗ್ಲೆಂಡಿನಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್. ವಾಕರ್ ಹೆಚ್ಚಾಗಿ ಉತ್ತರದ ಮಾತು, ಸ್ಕಾಟ್ಲೆಂಡಿನದೂ ಹೌದು. 1820ರಲ್ಲಿ ಕಿಲ್ಮಾರ್ನಾಕ್ ಊರಲ್ಲಿ ದಿನಸಿ ಅಂಗಡಿ ತೆರೆದ ಜಾನ್ ವಾಕರ್‌ಗೆ ಆ ಹೆಸರು ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅವನ ಬಾಟಲಿಯ ಮೇಲಿನ ಮನುಷ್ಯ ಮಾತ್ರ ತೊಟ್ಟಿಗೆ ಇಳಿದವನ ಹಾಗೆ ಕಾಣುವುದಿಲ್ಲ. ಬೂಟು ಹಾಕಿದ್ದಾನೆ.

ಟಕರ್‌ಗಳ ಗುರುತು ನೋಡಬೇಕಾದರೆ ನೈಋತ್ಯ ಇಂಗ್ಲೆಂಡಿನ ಎಕ್ಸೆಟರ್‌ಗೆ ಹೋಗಿ. ನೇಕಾರರು, ತುಳಿಯುವವರು, ಬಟ್ಟೆಯ ಜುಂಗು ಕತ್ತರಿಸುವವರು ಸೇರಿ 1471ರಲ್ಲಿ ಕಟ್ಟಿಸಿದ ಟಕರ್ಸ್ ಹಾಲ್ ಅಲ್ಲಿ ಈಗಲೂ ನಿಂತಿದೆ.