ಕ್ಯಾಮೆರಾ ಬಾಡಿ ಹಳೆಯದಿರಲಿ, ಲೆನ್ಸ್ ಚೆನ್ನಾಗಿರಲಿ

ನಮಸ್ಕಾರ. ಹಕ್ಕಿ, ಹೂವು, ಬೆಟ್ಟ, ಮಂಜು ಇವುಗಳ ಫೋಟೋ ತೆಗೆಯುವ ಆಸೆ ಇದೆ, ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ, ಯಾವ ಕ್ಯಾಮೆರಾ ತಗೊಳ್ಳಲಿ ಅಂತ ತುಂಬಾ ಜನ ಕೇಳುತ್ತಾರೆ. ಮೊದಲು ಲೆನ್ಸ್ ಬಗ್ಗೆ ಕೇಳಿ, ಕ್ಯಾಮೆರಾ ಮಾತು ಆಮೇಲೆ ಅಂತ ನಾನು ಹೇಳುತ್ತೇನೆ.

ದೂರದ ಕೊಂಬೆಯ ಮೇಲೆ ಕೂತ ಮಿಂಚುಳ್ಳಿಯನ್ನು ಹತ್ತಿರಕ್ಕೆ ತರುವುದು ಲೆನ್ಸ್ ತಾನೇ? ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಜೊತೆ ಬರುವ 18-55 ಎಂಎಂ ಲೆನ್ಸ್‌ನಲ್ಲಿ ಅದು ಬರೀ ಒಂದು ನೀಲಿ ಚುಕ್ಕೆ, ಬಾಡಿ ಮೇಲೆ ನೀವು ಎಷ್ಟೇ ದುಡ್ಡು ಸುರಿದಿರಲಿ. ಈ ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಬೆಟ್ಟ, ಜಲಪಾತ ತೆಗೆಯುವವರಿಗೆ ಅದೇ 18-55 ಸಾಕು. ಅವರು ಗಟ್ಟಿಯಾದ ಟ್ರೈಪಾಡ್ ಒಂದನ್ನು ತಗೊಂಡು ಹೊರಟುಬಿಡಲಿ. ಕಷ್ಟ ಇರುವುದು ಹಕ್ಕಿ, ಪ್ರಾಣಿ ಹಿಂದೆ ಹೋಗುವವರಿಗೆ.

ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲೆನ್ಸ್‌ಗೆ ಎತ್ತಿಡಿ. ಉಳಿದದ್ದಕ್ಕೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ನೋಡಿ. 2018ರಲ್ಲಿ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಕ್ಯಾನನ್ ಆರ್‌ಎಫ್ ಮೌಂಟ್ (ಲೆನ್ಸ್ ಕೂರುವ ಜೋಡಣೆ) ತಂದಿತು, ನಿಕಾನ್ ಝಡ್ ಮೌಂಟ್ ತಂದಿತು, ಆಮೇಲೆ ಎಷ್ಟೋ ಜನ ಮಿರರ್‌ಲೆಸ್ ಕಡೆ ಹೋಗುತ್ತಾ ತಮ್ಮ ಒಳ್ಳೊಳ್ಳೆಯ ಹಳೆಯ ಕ್ಯಾಮೆರಾಗಳನ್ನು ಮಾರಿದರು. 2014ರ ಕ್ಯಾನನ್ 7ಡಿ ಮಾರ್ಕ್ 2 ಸೆಕೆಂಡಿಗೆ 10 ಫೋಟೋ ತೆಗೆಯುತ್ತದೆ. 2015ರ ನಿಕಾನ್ ಡಿ7200ರಲ್ಲಿ 24 ಮೆಗಾಪಿಕ್ಸೆಲ್ ಇದೆ, 4ಕೆ ಪರದೆ ತುಂಬಲು ಬೇಕಾಗುವುದು ಸುಮಾರು 8 ಮಾತ್ರ. ಹಕ್ಕಿಗಳು ಅಂದಿನಿಂದ ಇಂದಿಗೆ ಜೋರಾಗಿ ಹಾರಲು ಕಲಿತಿಲ್ಲ, ಅಲ್ವಾ?

ಇವೆರಡೂ ಕ್ರಾಪ್ ಸೆನ್ಸರ್ ಕ್ಯಾಮೆರಾಗಳು, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಇವುಗಳಲ್ಲಿ ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರ್‌ಗಿಂತ ಚಿಕ್ಕದು. ಅದನ್ನು ಕೊರತೆ ಅಂದುಕೊಳ್ಳಬೇಡಿ. 300 ಎಂಎಂ ಲೆನ್ಸ್ ನಿಕಾನ್ ಕ್ರಾಪ್ ಬಾಡಿ ಮೇಲೆ 450 ಎಂಎಂ ಲೆನ್ಸ್‌ನಷ್ಟು, ಕ್ಯಾನನ್ ಮೇಲೆ 480 ಎಂಎಂನಷ್ಟು ಕಿರಿದಾದ ನೋಟ ಕೊಡುತ್ತದೆ, ಹಾಗಾಗಿ ಹಕ್ಕಿ ಫೋಟೋದಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅದೇ ನೋಟ ಫುಲ್ ಫ್ರೇಮ್‌ನಲ್ಲಿ ಬೇಕೆಂದರೆ ಇನ್ನೂ ಉದ್ದದ, ಇನ್ನೂ ಭಾರದ, ಇನ್ನೂ ದುಬಾರಿ ಲೆನ್ಸ್ ಬೇಕು. ಮಬ್ಬು ಬೆಳಕಿನಲ್ಲಿ ಫುಲ್ ಫ್ರೇಮ್ ಮೇಲು, ಒಪ್ಪುತ್ತೇನೆ. ಆದರೆ ಬಜೆಟ್ ಚಿಕ್ಕದಿದ್ದಾಗ ಆ ಆಸೆ ಬಿಡುವುದೇ ಒಳ್ಳೆಯದು.

ಲೆನ್ಸ್ ಯಾವುದು? ಶುರುವಿಗೆ 70-300 ಸಾಕು, ಕ್ಯಾನನ್‌ನವರಿಗೆ 55-250 ಎಸ್‌ಟಿಎಂ ಇನ್ನೂ ಹಗುರ. ಹಾರುವ ಹಕ್ಕಿಗಳ ಹುಚ್ಚು ಹಿಡಿದವರು 1993ರ ಕ್ಯಾನನ್ 400 ಎಂಎಂ ಎಫ್5.6 ಹುಡುಕಿ ನೋಡಿ. ಅದರಲ್ಲಿ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇಲ್ಲ, ಆದರೆ ಹಾರುವ ಹಕ್ಕಿಗೆ ನೀವು ಹೇಗೂ ಶಟರ್ ವೇಗ 1/1600 ಸೆಕೆಂಡಿನ ಆಸುಪಾಸು ಇಡುತ್ತೀರಿ, ಕೈ ನಡುಗಿದರೂ ಅಷ್ಟಾಗಿ ಕಾಣುವುದಿಲ್ಲ. ಸಿಗ್ಮಾ, ಟ್ಯಾಮ್ರಾನ್ 150-600 ಲೆನ್ಸ್‌ಗಳು ಇನ್ನೂ ದೂರ ಎಟುಕುತ್ತವೆ, ಆದರೆ ಹಗುರವಾದದ್ದೇ ಸುಮಾರು 2 ಕೆಜಿ ತೂಗುತ್ತದೆ. ಅದನ್ನು ಕುತ್ತಿಗೆಗೆ ಹಾಕಿಕೊಂಡು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ನಡೆಯಬಲ್ಲಿರಾ ಅಂತ ದುಡ್ಡು ಕೊಡುವ ಮೊದಲೇ ಯೋಚಿಸಿ.

ಸೆಕೆಂಡ್ ಹ್ಯಾಂಡ್ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿದೆ. ಹೊರಗಿನಿಂದ ಹೊಸದರಂತೆ ಕಂಡ ಒಂದು ಟೆಲಿ (ದೂರದ್ದನ್ನು ತೆಗೆಯುವ) ಲೆನ್ಸ್ ತಂದೆ. ಮೋಡದ ದಿನ ಎಲ್ಲ ಸರಿ, ಬಿಸಿಲಿಗೆ ಎದುರಾಗಿ ಹಿಡಿದರೆ ಫೋಟೋ ಪೂರ್ತಿ ಹಾಲು ಚೆಲ್ಲಿದಂತೆ. ಒಳಗಿನ ಗಾಜಿಗೆ ಜೇಡರ ಬಲೆಯಂತೆ ಫಂಗಸ್ ಹಬ್ಬಿತ್ತು, ಮಾರಿದವನು ಒಂದು ಮಾತೂ ಹೇಳಿರಲಿಲ್ಲ. ನನಗೆ ಇವತ್ತಿಗೂ ಬೇಸರ ಇದೆ. ಅದಕ್ಕೇ ಹೇಳುತ್ತೇನೆ, ಟಾರ್ಚ್ ತಗೊಂಡು ಹೋಗಿ, ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಬಾಡಿಯ ಶಟರ್ ಕೌಂಟ್ (ಇಲ್ಲಿಯವರೆಗೆ ಎಷ್ಟು ಕ್ಲಿಕ್ ಆಗಿದೆ ಅಂತ) ಕೇಳಿ: ಡಿ7200ರ ಶಟರನ್ನು ಒಂದೂವರೆ ಲಕ್ಷ, 7ಡಿ ಮಾರ್ಕ್ 2ರದ್ದನ್ನು ಎರಡು ಲಕ್ಷ ಕ್ಲಿಕ್‌ಗೆ ಪರೀಕ್ಷಿಸಿರುತ್ತಾರೆ. ಇನ್ನೊಂದು, ನಿಕಾನ್ ಡಿ3500, ಡಿ5600 ಇಂಥ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಬಾಡಿಯ ಮೋಟಾರನ್ನೇ ನಂಬಿರುವ ಹಳೆಯ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು.

ಸಣ್ಣ ಖರ್ಚಿನಲ್ಲಿ ದೊಡ್ಡ ಉಪಕಾರ ಮಾಡುವ ವಸ್ತುಗಳೂ ಇವೆ. ಹೂವು, ಕೀಟಕ್ಕೆ ಮ್ಯಾಕ್ರೋ ಲೆನ್ಸ್ ಬದಲು ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ. ಒಳಗೆ ಗಾಜೇ ಇಲ್ಲದ ಬರೀ ಕೊಳವೆ ಅದು, ಲೆನ್ಸನ್ನು ಸೆನ್ಸರ್‌ನಿಂದ ದೂರ ಸರಿಸಿ ಹತ್ತಿರದ್ದನ್ನು ಫೋಕಸ್ ಮಾಡಿಸುತ್ತದೆ. ಒದ್ದೆ ಎಲೆಗಳ ಹೊಳಪು ತೆಗೆಯಲು ಪೋಲರೈಸರ್ ಎಂಬ ಫಿಲ್ಟರ್ ಬೇಕು, ಎಡಿಟಿಂಗ್‌ನಲ್ಲಿ ಆ ಕೆಲಸ ಸರಿಯಾಗಿ ಆಗುವುದಿಲ್ಲ. ಇನ್ನು ಬೀನ್ ಬ್ಯಾಗ್! ಬಟ್ಟೆ ಚೀಲಕ್ಕೆ ಕಾಳು ತುಂಬಿ ಹೊಲಿದರೆ ಮುಗಿಯಿತು. ಬಂಡೆ ಮೇಲಿಡಿ, ನೆಲದ ಮೇಲಿಡಿ, ಉದ್ದ ಲೆನ್ಸ್ ಅದರಲ್ಲಿ ಹುದುಗಿ ಕೂರುತ್ತದೆ. ಎಫ್6.3 ಲೆನ್ಸ್‌ಗೆ ಟೆಲಿಕನ್ವರ್ಟರ್ (ಲೆನ್ಸ್ ಇನ್ನೂ ದೂರ ಎಟುಕುವಂತೆ ಹಿಂದೆ ಸೇರಿಸುವ ತುಂಡು) ಮಾತ್ರ ಬೇಡ. 1.4 ಎಕ್ಸ್ ಹಾಕಿದರೂ ಎಫ್9 ಆಗುತ್ತದೆ, ಅಂದರೆ ಒಳಗೆ ಬರುವ ಬೆಳಕು ಕಡಿಮೆಯಾಗುತ್ತದೆ, ಈ ಹಳೆಯ ಬಾಡಿಗಳ ಆಟೋಫೋಕಸ್ ಅಲ್ಲಿ ತಡಕಾಡುತ್ತದೆ.

ಬೀನ್ ಬ್ಯಾಗ್ ಮೇಲೆ ಲೆನ್ಸ್ ಇಟ್ಟು, ನೀರಿನ ಅಂಚಿನಲ್ಲಿ ಅಲುಗಾಡದೆ ಒಂದು ಗಂಟೆ ಮಲಗಿ ನೋಡಿ. ನೀವು ಬಂದಾಗ ಹಾರಿಹೋಗಿದ್ದ ಮಿಂಚುಳ್ಳಿ ಎಷ್ಟೋ ಸಲ ತಾನೇ ವಾಪಸ್ ಬಂದು, 300 ಎಂಎಂಗೆ ಸಾಕಾಗುವಷ್ಟು ಹತ್ತಿರ ಕೂರುತ್ತದೆ.