ಅಬ್ರಾಮನ ಕನಸು, ಬಿತೆನೋಷಳ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಬೈಬಲಿನ ಆದಿಕಾಂಡದ 12ನೇ ಅಧ್ಯಾಯದಲ್ಲಿ ಒಂದು ಪುಟ್ಟ ಕತೆ ಇದೆ. ಇಂದಿನ ಇಸ್ರೇಲ್-ಪ್ಯಾಲೆಸ್ತೀನ್ ಪ್ರದೇಶವಾದ ಕಾನಾನಿನಲ್ಲಿ ಬರ. ಯಹೂದಿಗಳ ಮೂಲಪುರುಷ ಅಬ್ರಾಮ ಹೆಂಡತಿ ಸಾರಯಳ ಜೊತೆ ಈಜಿಪ್ಟಿಗೆ ಹೊರಡುತ್ತಾನೆ. ಗಡಿ ಹತ್ತಿರವಾದಾಗ ಹೇಳುತ್ತಾನೆ: ನೀನು ನನ್ನ ತಂಗಿ ಅನ್ನು, ಇಲ್ಲದಿದ್ದರೆ ನನ್ನನ್ನು ಕೊಲ್ಲುತ್ತಾರೆ. ಅವಳು ಈಜಿಪ್ಟಿನ ರಾಜ ಫರೋಹನ ಅರಮನೆ ಸೇರುತ್ತಾಳೆ. ಇವನಿಗೆ ಕುರಿ, ದನ, ಒಂಟೆ, ಆಳುಕಾಳು ಸಿಗುತ್ತವೆ. ಅವನು ಅತ್ತನೇ? ಅವಳು ಏನಂದಳು? ಆದಿಕಾಂಡ ಏನೂ ಹೇಳುವುದಿಲ್ಲ.

ಕುಲದ ಹಿರಿಯ ಹೀಗೆ ಮಾಡಬಹುದಾ? ಈ ಪ್ರಶ್ನೆ ಹಳೆಯ ಯಹೂದಿ ಬರಹಗಾರರನ್ನು ಸುಮ್ನೆ ಕೂರಲು ಬಿಡಲಿಲ್ಲ. ಆದಿಕಾಂಡದ ಕತೆಗಳನ್ನು ಮತ್ತೆ ಹೇಳುವ, ಕ್ರಿಸ್ತಪೂರ್ವ 2ನೇ ಶತಮಾನದ ‘ಜುಬಿಲಿಗಳ ಪುಸ್ತಕ’ ಸುಲಭದ ದಾರಿ ಹಿಡಿಯಿತು. ತಂಗಿಯ ಮಾತನ್ನೇ ಎತ್ತಲಿಲ್ಲ. ಫರೋಹ ಅವಳನ್ನು ಬಲವಂತವಾಗಿ ಕಿತ್ತುಕೊಂಡ ಎಂದು ಬರೆದು ಮುಂದೆ ಸಾಗಿತು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಬ್ಬ ಬರಹಗಾರನ ದಾರಿ. ಅವನ ಹೆಸರು ಉಳಿದಿಲ್ಲ. ಅವನ ಅರಾಮಿಕ್ ಬರಹ 1947ರಲ್ಲಿ ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಯೊಂದರಲ್ಲಿ ಸಿಕ್ಕಿತು. ಚರ್ಮದ ಸುರುಳಿ, ಬಹಳಷ್ಟು ಹಾಳಾಗಿತ್ತು. ವಿದ್ವಾಂಸರು ಅದನ್ನು ‘ಜೆನೆಸಿಸ್ ಅಪೋಕ್ರಿಫನ್’ ಎನ್ನುತ್ತಾರೆ. ಅದರಲ್ಲಿ ಅಬ್ರಾಮನೇ ‘ನಾನು’ ಎಂದು ತನ್ನ ಕತೆ ಹೇಳುತ್ತಾನೆ.

ಈಜಿಪ್ಟಿಗೆ ಕಾಲಿಟ್ಟ ರಾತ್ರಿ ಅವನಿಗೊಂದು ಕನಸು. ಒಂದು ದೇವದಾರು, ಪಕ್ಕದಲ್ಲಿ ಒಂದು ಖರ್ಜೂರದ ಮರ. ಜನ ಬಂದು ದೇವದಾರನ್ನು ಕಡಿಯಲು ನೋಡುತ್ತಾರೆ. ಆಗ ಖರ್ಜೂರದ ಮರ ಕೂಗುತ್ತದೆ: ಅದನ್ನು ಕಡಿಯಬೇಡಿ, ನಾವಿಬ್ಬರೂ ಒಂದೇ ಬೇರಿನಿಂದ ಹುಟ್ಟಿದವರು. ದೇವದಾರು ಉಳಿಯುತ್ತದೆ. ದೇವದಾರು ಅಂದರೆ ಅಬ್ರಾಮ, ಖರ್ಜೂರ ಅಂದರೆ ಸಾರಯ. ಅಬ್ರಾಮ ಎಚ್ಚತ್ತು ಆ ರಾತ್ರಿಯೇ ಹೆಂಡತಿಗೆ ಹೇಳುತ್ತಾನೆ. ಅವಳು ಅಳುತ್ತಾಳೆ. ಮುಂದೆ ಅವಳನ್ನು ಒಯ್ದಾಗ ಅವನೂ ಅಳುತ್ತಾನೆ, ದೇವರಲ್ಲಿ ಮೊರೆಯಿಡುತ್ತಾನೆ. 2 ವರ್ಷ ಫರೋಹ ಅವಳ ಹತ್ತಿರ ಸುಳಿಯಲಾಗುವುದಿಲ್ಲ.

ಎಷ್ಟು ಜಾಣತನ ನೋಡಿ. ಈ ಬರಹಗಾರ ಸುಳ್ಳನ್ನು ಅಳಿಸಲಿಲ್ಲ, ಅದು ಕನಸಿನಲ್ಲಿ ಬಂದ ಸೂಚನೆಯಾಯಿತು. ಗಂಡನಿಗೆ ಕಣ್ಣೀರು ಕೊಟ್ಟ. ಆದರೂ ಸಾರಯಳ ಬಾಯಿಂದ ನಾಲ್ಕು ಮಾತು ಕೇಳಬೇಕಿತ್ತು ಅನಿಸುತ್ತದೆ.

ಹೆಂಗಸರ ಮಾತು ಬರೆಯಲು ಇವನಿಗೆ ಬರುತ್ತಿರಲಿಲ್ಲ ಅಂತಲ್ಲ. ಇದೇ ಸುರುಳಿಯಲ್ಲಿ, ಪ್ರಳಯದಲ್ಲಿ ನಾವೆ ಕಟ್ಟಿ ಉಳಿದ ನೋಹನ ತಾಯಿ ಇದ್ದಾಳೆ. ಆದಿಕಾಂಡದಲ್ಲಿ ಅವಳಿಗೆ ಹೆಸರೂ ಇಲ್ಲ, ಇಲ್ಲಿ ಅವಳು ಬಿತೆನೋಷ. ಮಗು ದೇವದೂತರದ್ದಿರಬಹುದೇ ಎಂದು ಗಂಡ ಲಾಮೆಕನಿಗೆ ಅನುಮಾನ. ಅವಳು ಅಳುತ್ತಾ, ಆದರೆ ಅಳುಕದೆ, ನಮ್ಮ ಸುಖದ ಗಳಿಗೆಯನ್ನು ನೆನಪು ಮಾಡಿಕೋ ಎನ್ನುತ್ತಾಳೆ. ಇದು ನಿನ್ನದೇ ಮಗು ಎಂದು ದೇವರಾಣೆ ಇಡುತ್ತಾಳೆ.