ಹಾಸ್ಟೆಲಿನ ಗೇಟು ಎಷ್ಟು ಗಂಟೆಗೆ ಮುಚ್ಚುತ್ತಾರೆ?

ಕೇಳುಗರಿಗೆ ನಮಸ್ಕಾರ.

ಚಿಂಚೋಳಿ ತಾಲ್ಲೂಕಿನ ಒಂದು ಪದವಿ ಕಾಲೇಜು. ಸುಡುವ ಬೇಸಿಗೆ. ಬೇವಿನ ಮರದ ಕೆಳಗೆ ಮೇಜು ಹಾಕಿ, ಟೊಂಗೆಗೆ ನಮ್ಮ ವಿಶ್ವವಿದ್ಯಾಲಯದ ಬ್ಯಾನರ್ ಕಟ್ಟಿಕೊಂಡು ನಾನೂ ನನ್ನ ಸಹೋದ್ಯೋಗಿಯೂ ಕುಳಿತಿದ್ದೆವು. ಪ್ರವೇಶಾತಿ ವಿಭಾಗದವರು ನಾವು. ಬಿ.ಎ. ಕೊನೆಯ ವರ್ಷದ ಹುಡುಗಿಯೊಬ್ಬಳು ತಂದೆಯನ್ನು ಕರೆದುಕೊಂಡು ಬಂದಳು. ನಾನು ಗ್ರಂಥಾಲಯ, ಪ್ರಯೋಗಾಲಯ, ಪ್ರಾಧ್ಯಾಪಕರು, ಉದ್ಯೋಗಾವಕಾಶ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಕೊಟ್ಟ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚಂಚಿಯ ಜೊತೆ ಜೇಬಿಗೆ ಸೇರಿಸಿ, ‘ಸಾಹೇಬರೇ, ಹಾಸ್ಟೆಲಿನ ಗೇಟು ಎಷ್ಟು ಗಂಟೆಗೆ ಮುಚ್ಚುತ್ತಾರೆ?’ ಎಂದರು.

ನನಗೆ ಗೊತ್ತಿರಲಿಲ್ಲ. ಕರಪತ್ರದಲ್ಲೂ ಇರಲಿಲ್ಲ. ವಾರ್ಡನ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ‘ಕೇಳಿ ಹೇಳಿರಿ’ ಎಂದು ಮಗಳನ್ನು ಕರೆದುಕೊಂಡು ಅವರು ಬಸ್ಸು ಹಿಡಿಯಲು ಹೊರಟರು.

ಮೊದಲೆಲ್ಲ ವಿಶ್ವವಿದ್ಯಾಲಯವೇ ಮಕ್ಕಳನ್ನು ಹುಡುಕಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಆರಂಭವಾದಾಗ ಬೀದರಿನಿಂದ ಬಳ್ಳಾರಿಯವರೆಗಿನ ಮಕ್ಕಳಿಗೆಲ್ಲ ಅದೊಂದೇ ಆಗಿತ್ತು. ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟರೆ ಅರ್ಜಿಗಳು ಮೂಟೆಗಟ್ಟಲೆ ಬರುತ್ತಿದ್ದ ಕಾಲ. 2010ರಲ್ಲಿ ಬಳ್ಳಾರಿಗೆ ತನ್ನದೇ ವಿಶ್ವವಿದ್ಯಾಲಯ ಬಂತು. ಆಮೇಲೆ ರಾಯಚೂರು, ಬೀದರ್, ಕೊಪ್ಪಳಕ್ಕೂ ಬಂದವು. ಮನೆಯ ಹತ್ತಿರ ಓದುವುದಕ್ಕೆ ಇದು ಒಳ್ಳೆಯದೇ. ಆದರೆ ಸೀಟುಗಳು ಹೆಚ್ಚಿದಷ್ಟು ಸುಲಭವಾಗಿ ಮಕ್ಕಳು ಸಿಗುವುದಿಲ್ಲ. ಇನ್ನೊಂದು ಕಡೆ, ಫಲಿತಾಂಶ ಬಂದ ಮಧ್ಯಾಹ್ನವೇ ದೊಡ್ಡ ಊರಿನ ಖಾಸಗಿ ಕಾಲೇಜುಗಳ ಏಜೆಂಟರು ಹುಡುಗರ ಮೊಬೈಲಿಗೆ ಕರೆ ಮಾಡುತ್ತಾರೆ. ನಮ್ಮ ಅಧಿಸೂಚನೆ ಇನ್ನೂ ಟಿಪ್ಪಣಿ ಹಾಳೆಯ ಮೇಲೆ ಸಹಿಗಾಗಿ ಮೇಜಿನಿಂದ ಮೇಜಿಗೆ ನಡೆಯುತ್ತಿರುತ್ತದೆ.

ಸರಿ, ನಾವೂ ಹೊರಟೆವು. ಕಾಲೇಜುಗಳಿಗೆ ಹೋದೆವು. ಹೋಳಿ ಹುಣ್ಣಿಮೆ ಕಳೆದು ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ನಡೆಯುತ್ತದಲ್ಲ, ಅಲ್ಲಿಯೂ ಒಂದು ಮಳಿಗೆ ಹಾಕಿದೆವು. ಬಳೆ ಅಂಗಡಿಗೂ ಮಿರ್ಚಿ ಭಜಿಯ ಬಂಡಿಗೂ ನಡುವೆ ಸ್ನಾತಕೋತ್ತರ ಪದವಿಯನ್ನು ಮಾರುವುದು ಎಷ್ಟು ಕಷ್ಟ ಎಂಬುದು ಆಗ ತಿಳಿಯಿತು. ತೇರಿನ ಸಂಜೆ ನಮ್ಮ ಕರಪತ್ರಗಳಲ್ಲಿ ಭಜಿ ಕಟ್ಟಿಕೊಂಡು ಹೋಗುವವರನ್ನೂ ಕಂಡೆ. ಆದರೂ ಕಚೇರಿಗೆ ಮರಳಿ ಬರೆದ ವರದಿಯಲ್ಲಿ ‘ಇಷ್ಟು ಸಾವಿರ ಕರಪತ್ರ ವಿತರಿಸಲಾಗಿದೆ’ ಎಂದೇ ಇತ್ತು. ನಾನೇ ಬರೆದದ್ದು. ವರದಿಯ ನಮೂನೆಯಲ್ಲಿ ಇದ್ದದ್ದು ಅದೊಂದೇ ಕಾಲಂ.

ಮಕ್ಕಳು ನಿಜವಾಗಿ ಎಲ್ಲಿ ಕೈತಪ್ಪಿ ಹೋಗುತ್ತಾರೆ ಎಂದು ತಿಳಿಯಲು ಪ್ರವೇಶಾತಿಯ ಕಿಟಕಿಯ ಹಿಂದೆ ಒಂದು ವಾರ ಕುಳಿತರೆ ಸಾಕು. ಆದಾಯ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಿ. ಅದರ ಅವಧಿ ಐದು ವರ್ಷ. ನಮ್ಮ ಹಳ್ಳಿಯ ಮಕ್ಕಳು ಅದನ್ನು ಸಾಮಾನ್ಯವಾಗಿ ಹತ್ತನೆಯ ತರಗತಿ ಮುಗಿದಾಗ, ಪಿಯುಸಿಗೆಂದು ನಾಡಕಚೇರಿಯಲ್ಲಿ ಮಾಡಿಸುತ್ತಾರೆ. ಪಿಯುಸಿ ಎರಡು ವರ್ಷ, ಪದವಿ ಮೂರು ವರ್ಷ. ಲೆಕ್ಕ ಹಾಕಿ ನೋಡಿ: ಎಂ.ಎ. ಅರ್ಜಿ ಹಾಕುವ ಹೊತ್ತಿಗೆ ಸರಿಯಾಗಿ ಅದು ಸತ್ತಿರುತ್ತದೆ. ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿದರೆ ಅವಧಿ ಮುಗಿದಿದೆ ಎನ್ನುತ್ತದೆ. ಶುಲ್ಕ ವಿನಾಯಿತಿಯೂ ವಿದ್ಯಾರ್ಥಿವೇತನವೂ ಅಲ್ಲಿಗೇ ನಿಂತವು. ಹೊಸದನ್ನು ತಾ ಎಂದರೆ ಅಪ್ಪ ಅವ್ವ ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿರುತ್ತಾರೆ, ಪಡಿತರ ಚೀಟಿ ಅವರ ಗಂಟಿನಲ್ಲಿರುತ್ತದೆ.

ಹೆಸರಿನ ತಕರಾರು ಬೇರೆ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಇರುತ್ತದೆ, ಆಧಾರಿನಲ್ಲಿ ಅದರ ಜಾಗದಲ್ಲಿ ತಂದೆಯ ಹೆಸರು. ಹುಡುಗಿ ಒಬ್ಬಳೇ, ಕಾಗದಕ್ಕೆ ಮಾತ್ರ ಇಬ್ಬರು. ಇನ್ನು 371ಜೆ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ ವಿಧಿ. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗದ ಮಕ್ಕಳಿಗೆ ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8 ಸೀಟುಗಳ ಮೀಸಲಾತಿ ದೊರೆಯಿತು. ಆದರೆ ತಾನು ಇಲ್ಲಿಯವಳೇ ಎನ್ನಲು ಪ್ರಮಾಣಪತ್ರ ಬೇಕು. ಅದನ್ನು ಮಾಡಿಸಿಟ್ಟುಕೊಳ್ಳಿ ಎಂದು ಎರಡನೆಯ ವರ್ಷದಲ್ಲೇ ಹೇಳುವವರು ಮನೆಯಲ್ಲಿಲ್ಲ, ಏಕೆಂದರೆ ಆ ಮನೆಯಲ್ಲಿ ಪದವಿ ಓದಿದವರೇ ಇಲ್ಲ.

ಆದ್ದರಿಂದ ಈಗ ನಾವು ಕಾಲೇಜಿಗೆ ಹೋಗುವುದು ಫಲಿತಾಂಶದ ನಂತರವಲ್ಲ, ಕೊನೆಯ ವರ್ಷ ಶುರುವಾಗುವಾಗ. ಬ್ಯಾನರಿಗಿಂತ ಮೊದಲು ಕಾರಿಗೆ ಏರುವುದು ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್. ‘ನಿಮ್ಮ ನಿಮ್ಮ ಕಾಗದಗಳನ್ನು ತನ್ನಿ, ನೋಡೋಣ’ ಎನ್ನುತ್ತೇವೆ. ಎರಡನೆಯ ಸುತ್ತು ಯುಗಾದಿಯ ಆಸುಪಾಸಿಗೆ, ಹಬ್ಬಕ್ಕೆಂದು ಗುಳೆ ಹೋದವರು ಊರಿಗೆ ಬಂದಾಗ. ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ಯುಗಾದಿಗೆ ಒಂದು ದಿನದ ರಜೆಯಷ್ಟೇ ಇದೆ. ತಂದೆ ತಾಯಿ, ಪಡಿತರ ಚೀಟಿ, ಮಗಳು, ಈ ಮೂರೂ ಒಂದೇ ಸೂರಿನಡಿ ಸಿಗುವ ದಿನಗಳು ಅವೇ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಹಣದ ಚಿಂತೆ ಹೋಯಿತು. ತಂದೆ ತಾಯಂದಿರ ಪ್ರಶ್ನೆಯೂ ಬದಲಾಯಿತು. ಬಸ್ಸಿಗೆ ಎಷ್ಟು ಖರ್ಚು ಎಂದು ಕೇಳುತ್ತಿದ್ದವರು ಈಗ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. ನಮ್ಮ ಕರಪತ್ರದ ಹಿಂಬದಿಯಲ್ಲಿ ಗಣ್ಯರ ಭಾವಚಿತ್ರಗಳಿದ್ದವು. ಅವುಗಳನ್ನು ತೆಗೆದು ತಾಲ್ಲೂಕುವಾರು ಬಸ್ಸುಗಳ ಸಮಯ ಹಾಕಿಸಲು ನಾನು ಪಟ್ಟ ಪಾಡನ್ನು ಇಲ್ಲಿ ಹೇಳುವುದಿಲ್ಲ. ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ.

ಚಿಂಚೋಳಿಯ ಆ ತಂದೆಗೆ ಅದೇ ರಾತ್ರಿ ಫೋನ್ ಮಾಡಿ ಹೇಳಿದೆ: ಸಂಜೆ ಏಳೂವರೆಗೆ. ‘ಆಗಲಿ’ ಎಂದಷ್ಟೇ ಅಂದರು. ಹುಡುಗಿ ಆ ವರ್ಷ ಸಮಾಜಶಾಸ್ತ್ರಕ್ಕೆ ಸೇರಿದಳು. ಮರುವರ್ಷ ಅದೇ ಕಾಲೇಜಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋದೆವು. ಅದೇ ಬೇವಿನ ಮರ, ಅದೇ ಮೇಜು. ತಾಯಿಯೊಬ್ಬರು ಬಂದು, ಸೆರಗು ಸರಿಪಡಿಸಿಕೊಂಡು, ಅದೇ ಪ್ರಶ್ನೆ ಕೇಳಿದರು. ಈ ಸಲ ನನಗೆ ಉತ್ತರ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: ‘ಏಳೂವರೆಗೆ, ಅವ್ವಾ. ಬಸ್ಸು ತಡವಾದರೆ ಗೇಟಿನ ಅಜ್ಜನಿಗೆ ಫೋನ್ ಮಾಡಬೇಕು. ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡು ಒಳಗೆ ಬಿಡುತ್ತಾನೆ. ಅವನ ನಂಬರ್ ಬರೆದುಕೊಳ್ಳಿ.’

ತಾಯಿ ಬರೆದುಕೊಂಡರು. ನಾನೂ ಬರೆದುಕೊಂಡೆ.

ನಮಸ್ಕಾರ.